ಬೆಲ್ಲ ಬೇಡವೆಂದ ಮೇಲೆ

ಸುಳ್ಯ
9-2-2025, ಭಾನುವಾರ

ಪ್ರೀತಿಯ ಮನೋರಮಕ್ಕಾ,

ಊರವರ ಕಾಲು ತೊಳೆದು ತೊಳೆದು ಎಂದೇನೋ ಶುರು ಮಾಡಿದ್ದೆಯಲ್ಲ, ಅದರ ಕೊನೆ ಹೇಗಿತ್ತು ಎಂದು ಈಗ ನೆನಪಿಗೆ ಬರುತ್ತಿಲ್ಲ. ನಿನ್ನ ಕಾಲು ನೋಡುವವರು ಯಾರು ಎಂದಿದ್ದೆಯೋ, ನಿನ್ನ ಕಾಲೂ ಹೋದೀತು ಎಂದಿದ್ದೆಯೋ. ಮೊದಲನೆಯದಾದರೆ ನನ್ನ ಹತ್ತಿರ ಉತ್ತರವಿಲ್ಲ. ಎರಡನೆಯದಾದರೆ ಇದೆ. ಮೊನ್ನೆ ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಹೇಳುವುದನ್ನೆಲ್ಲ ಹೇಳಿ ಫೋನನ್ನು ಸುಜಯನ ಕೈಗೆ ಕೊಟ್ಟುಬಿಟ್ಟೆ. ನಾನು ಹತ್ತು ನಿಮಿಷ ಮಾತಾಡಿದೆ. ಅವನು ಅದನ್ನೆಲ್ಲ ನಿನ್ನ ಕಿವಿಯ ಹತ್ತಿರ ‘ಚಿಕ್ಕಮ್ಮ ಆಗುದಿಲ್ಲ ಹೇಳ್ತಾರೆ’ ಎಂದು ಮೂರೇ ಪದದಲ್ಲಿ ಕೂಗಿ ಮುಗಿಸಿದ. ಹಾಗಾಗಿ ಈ ಕಾಗದ. ನಿನ್ನ ಕಣ್ಣು ಇನ್ನೂ ಚೆನ್ನಾಗಿದೆ. ನಡುವೆ ಯಾರೂ ಬೇಡ.

ಹೇಗಿದ್ದೀ? ಭಿಲಾಯಿಯ ಚಳಿ ಬಿಟ್ಟಿತೇ? ಮೊಣಕಾಲಿಗೆ ನಾನು ಹೇಳಿಕೊಟ್ಟ ವ್ಯಾಯಾಮವನ್ನು ನೀನು ಮಾಡುತ್ತಿಲ್ಲ ಎಂದು ಗೊತ್ತು. ಕಿವಿಗೆ ತಂದ ಮೆಷಿನ್ ಕಪಾಟು ಸೇರಿದೆಯಂತೆ. ಗುಂಯ್ ಎನ್ನುತ್ತದೆ ಎಂದು ತೆಗೆದಿಟ್ಟದ್ದಾದರೆ ಒಂದು ವಾರ ಎನ್ನಲಿ ಬಿಡು, ಆಮೇಲೆ ಅಭ್ಯಾಸವಾಗುತ್ತದೆ. ಭಾವನ ಕೆಮ್ಮಿಗೆ ಎಕ್ಸ್‌ರೇ ಮಾಡಿಸಿ. ಮೂವತ್ತು ವರ್ಷ ಉಕ್ಕಿನ ಕಾರ್ಖಾನೆಯ ಹೊಗೆ ಕುಡಿದ ಮನುಷ್ಯ, ಅದು ಶುಂಠಿ ಕಷಾಯಕ್ಕೆ ನಿಲ್ಲುವ ಕೆಮ್ಮಲ್ಲ. ಬೇರೆಯವರ ಶರೀರದ ಬಗ್ಗೆ ನಾನು ಎಷ್ಟು ಸರಾಗವಾಗಿ ಬರೆಯುತ್ತೇನೆ ನೋಡು. ನನ್ನದರ ಬಗ್ಗೆ ಬರೆಯಲು ಮೂರು ದಿನದಿಂದ ಪೆನ್ನು ಹಿಡಿದು ಕೂತಿದ್ದೇನೆ.

ಸುದ್ದಿ ಇಷ್ಟು. ಮಾರ್ಚ್ ಒಂದರಿಂದ ನನ್ನ ತಿರುಗಾಟ ನಿಲ್ಲಿಸಿ ಪುತ್ತೂರಿನ ಆಫೀಸಿನ ಕುರ್ಚಿಯಲ್ಲಿ ಕೂರಿಸಬೇಕೆಂದು ನನಗೆ ಸಂಬಳ ಕೊಡುವ ಟ್ರಸ್ಟಿನವರು ತೀರ್ಮಾನಿಸಿದ್ದಾರೆ. ನಾನು ಕೂರುವುದಿಲ್ಲ ಎಂದಿದ್ದೇನೆ. ನೀನು ಅವರ ಪಕ್ಷ ಎಂಬುದು ಮೊನ್ನೆ ಗೊತ್ತಾಯಿತು. ಆದರೆ ಸುಜಯ್ ಅದಕ್ಕೂ ಮೊದಲು ನಿನಗೆ ಮುಟ್ಟಿಸಿದ್ದು ‘ಚಿಕ್ಕಮ್ಮನಿಗೆ ಶುಗರ್, ಒಂದು ಮನೆಯಲ್ಲಿ ಗಲಾಟೆ’ ಎಂಬಷ್ಟನ್ನು ಮಾತ್ರ. ಪೂರ್ತಿ ಕೇಳು. ಕೇಳಿದ ಮೇಲೆ ನನ್ನ ತಪ್ಪು ನೀನು ಅಂದುಕೊಂಡದ್ದಕ್ಕಿಂತ ದೊಡ್ಡದು ಎಂದೂ ಗೊತ್ತಾಗುತ್ತದೆ.

ಹನ್ನೊಂದು ವರ್ಷದಿಂದ ನಾನು ಮನೆಮನೆಗೆ ಹೋಗಿ ಹುಣ್ಣಿಗೆ ಪಟ್ಟಿ ಕಟ್ಟುವವಳು, ಮೂತ್ರದ ನಳಿಗೆ ಬದಲಿಸುವವಳು, ಮಲಗಿದವರನ್ನು ಮಗ್ಗುಲು ತಿರುಗಿಸುವುದು ಹೇಗೆಂದು ಸೊಸೆಯಂದಿರಿಗೆ ಕಲಿಸುವವಳು. ಸೋಮವಾರ ಮಂಡೆಕೋಲು, ಬುಧವಾರ ಪಂಜ, ಶುಕ್ರವಾರ ಪೆರಾಬೆ. ಉಳಿದ ದಿನ ಕರೆ ಬಂದ ಕಡೆ. ದಿನಕ್ಕೆ ಆರು ಮನೆ, ಕೆಲವೊಮ್ಮೆ ಎಂಟು. ಓಮ್ನಿ ಓಡಿಸುವುದು ತ್ಯಾಂಪಣ್ಣ, ಮೊದಲು ಬಸ್ಸಿನ ಡ್ರೈವರ್ ಆಗಿದ್ದವರು, ಈಗಲೂ ಪ್ರತಿ ತಿರುವಿನಲ್ಲಿ ಹಿಂದೆ ಐವತ್ತು ಜನ ಕೂತಿದ್ದಾರೆ ಎಂಬಂತೆ ಬ್ರೇಕ್ ಹಾಕುತ್ತಾರೆ. ಯಾವ ಮನೆಯ ಜಗಲಿ ಹತ್ತಿದರೂ ಮೊದಲು ಬರುವುದು ಒಂದು ತಟ್ಟೆಯಲ್ಲಿ ಬೆಲ್ಲದ ತುಂಡು, ಒಂದು ಲೋಟ ನೀರು. ನಿನಗೆ ಹೇಳಬೇಕೇ. ಬೆಲ್ಲ ಕಚ್ಚಿ ನೀರು ಕುಡಿಯದೆ ಯಾರೂ ರೋಗಿಯ ಕೋಣೆಗೆ ಬಿಡುವುದಿಲ್ಲ; ಕುಡಿದ ಮೇಲೆ ಗಾಯ ತೋರಿಸಲು ನಾಚುವುದೂ ಇಲ್ಲ. ನಾನು ಅದನ್ನು ಕೆಲಸದ ಭಾಗವೆಂದೇ ತಿಳಿದಿದ್ದೆ, ಕೈ ತೊಳೆಯುವ ಹಾಗೆ. ದಿನಕ್ಕೆ ಆರು ತುಂಡು, ಹನ್ನೊಂದು ವರ್ಷ. ಎದುರಿಗೆ ಕೂತ ಮುದುಕನಿಗೆ ಸಿಹಿ ಬಿಡಿ ಎಂದು ಗದರಿಸುವಾಗ ನನ್ನ ಬಾಯಿಯಲ್ಲಿ ಬೆಲ್ಲ ಕರಗುತ್ತಿರುತ್ತಿತ್ತು.

ಡಿಸೆಂಬರಿನಲ್ಲಿ ಪಂಜದ ಒಂದು ಮನೆಯ ಮೆಟ್ಟಿಲಲ್ಲಿ ತಲೆ ತಿರುಗಿ ಕೂತುಬಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಶುಗರಿನ ಮೂರು ತಿಂಗಳ ಸರಾಸರಿ, ಆರೂವರೆಯೊಳಗೆ ಇರಬೇಕಾದದ್ದು, ಒಂಬತ್ತು ದಾಟಿತ್ತು. ಡಾಕ್ಟರು ಮಾತ್ರೆ ಬರೆದರು, ಬೆಲ್ಲ ಬಿಡಿಸಿದರು. ಅಮ್ಮನಿಗೆ ಇತ್ತು, ನನಗೆ ಬಂತು, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ ಎಂದು ರೋಗಿಗಳಿಗೆ ಎಷ್ಟು ಸಲ ಹೇಳಿದ್ದೇನೋ. ನನಗೆ ಮಾತ್ರ ನಾಚಿಕೆಯಾಯಿತು. ಯಾರಿಗೂ ಹೇಳಲಿಲ್ಲ. ಮೊದಲ ಎರಡು ವಾರ ಕೊಟ್ಟ ಬೆಲ್ಲವನ್ನು ತೆಗೆದುಕೊಂಡು, ಅವರ ಕಣ್ಣು ತಪ್ಪಿಸಿ ಬ್ಯಾಗಿಗೆ ಹಾಕಿ, ಬರಿಯ ನೀರು ಕುಡಿದೆ. ಇರುವೆ ಹತ್ತಿತು. ಬ್ಯಾಗಿನಿಂದ ಹತ್ತಿಯ ಡಬ್ಬಿಗೆ, ಅಲ್ಲಿಂದ ತ್ಯಾಂಪಣ್ಣನ ಸೀಟಿಗೆ. ‘ಎಂತ ಸಿಸ್ಟರೇ, ಬ್ಯಾಗಲ್ಲಿ ಬೆಲ್ಲದ ಅಂಗಡಿ ಉಂಟಾ?’ ಎಂದು ಕೇಳಿ ಸೀಟು ಕೊಡವಿದರು. ಮಾರನೆಯ ದಿನ ಗಾಡಿ ಹೊರಡಿಸುವ ಮೊದಲು, ರಸ್ತೆಯನ್ನೇ ನೋಡುತ್ತಾ ಹೇಳಿದರು: ‘ನಿಮ್ಮ ಶುಗರಿನ ವಿಷಯ ಡಾಕ್ಟ್ರ ನಂತ್ರ ಗೊತ್ತಾದ್ದು ಇರುವೆಗೆ. ಆಮೇಲೆ ನನಗೆ. ಇನ್ನು ಬೆಲ್ಲ ಕೊಡುವ ಮನೆಯವರಿಗೆ ಹೇಳುದು ಒಳ್ಳೇದು.’ ನಾನು ಹೇಳಲಿಲ್ಲ. ಕದ್ದಿಡುವುದನ್ನು ಬಿಟ್ಟು ಬೇಡ ಎನ್ನಲು ಶುರು ಮಾಡಿದೆ, ಕಾರಣ ಹೇಳದೆ.

ಜನವರಿ ಆರು, ಸೋಮವಾರ, ಮಂಡೆಕೋಲಿನ ಕೂಸಪ್ಪ ಗೌಡರ ಮನೆ. ಎಪ್ಪತ್ತೊಂದು ವರ್ಷ. ಅವರಿಗೂ ಶುಗರ್, ಎಡಗಾಲಿನ ಕಿರುಬೆರಳು ಕಳೆದ ಆಗಸ್ಟಿನಲ್ಲಿ ತೆಗೆದದ್ದು, ಆ ಗಾಯ ಐದು ತಿಂಗಳು ನನ್ನನ್ನು ಆಟ ಆಡಿಸಿ ಆ ದಿನ ಮೊದಲ ಸಲ ಒಣಗಿ ಕೆಂಪು ಹೊಸ ಚರ್ಮ ತೋರಿಸಿತ್ತು. ಅವರ ಹೆಂಡತಿ ಪೂವಮ್ಮ ತಟ್ಟೆ ತಂದರು. ನಾನು ‘ಇವತ್ತು ಬೇಡ’ ಎಂದೆ. ‘ನೀರಾದ್ರೂ?’ ಎಂದರು. ನೀರು ಮಾತ್ರ ಕುಡಿದರೆ ಬೆಲ್ಲ ಯಾಕೆ ಬೇಡವೆಂದು ಕೇಳುತ್ತಾರೆ ಎಂದು ಹೆದರಿ ನೀರೂ ಬೇಡ ಎಂದೆ. ಡ್ರೆಸ್ಸಿಂಗ್ ಮಾಡಿದೆ. ಹೊರಡುವಾಗ, ವಾರಕ್ಕೆ ಎರಡು ಸಲ ಬರುತ್ತಿದ್ದವಳು, ‘ಇನ್ನು ನಾನು ವಾರಕ್ಕೊಮ್ಮೆ ಬಂದ್ರೆ ಸಾಕು ಪೂವಮ್ಮ’ ಎಂದೆ. ಗುಣವಾಗುತ್ತಿದೆ, ಅದಕ್ಕೆ ಸಾಕು ಎಂದು ಬಾಯಿಬಿಟ್ಟು ಹೇಳಬೇಕಿತ್ತು. ಬೆಲ್ಲದ ಮುಜುಗರದಲ್ಲಿ ಅವರ ಮುಖ ನೋಡದೆ, ಮೆಲ್ಲಗೆ ಹೇಳಿ, ಬೇಗಬೇಗ ಮೆಟ್ಟಿಲಿಳಿದೆ.

ಅಕ್ಕಾ, ನೀನಾದರೂ ಒಂದು ಕ್ಷಣ ಯೋಚಿಸು. ನಮ್ಮ ಕಡೆ ಬಂದವರು ಬೆಲ್ಲ ನೀರು ಮುಟ್ಟದೆ, ಕಣ್ಣು ತಪ್ಪಿಸಿ, ಸಣ್ಣ ದನಿಯಲ್ಲಿ ಮಾತಾಡಿ ಹೋಗುವುದು ಯಾವ ಮನೆಯಿಂದ? ಸಾವಿನ ಮನೆಯಿಂದ. ಪೂವಮ್ಮ ಹೆಚ್ಚು ಯೋಚಿಸಲಿಲ್ಲ. ಯಾವಾಗಲೂ ಎರಡು ತುಂಡು ಕೇಳಿ ತಿನ್ನುತ್ತಿದ್ದ ನರ್ಸು ಇವತ್ತು ಹೀಗೆ ಹೋದಳೆಂದರೆ ಏನೋ ತಿಳಿದೇ ಹೋಗಿದ್ದಾಳೆ, ಬಾಯಿಬಿಟ್ಟು ಹೇಳಲಾರದೆ ಹೀಗೆ ತಿಳಿಸಿದ್ದಾಳೆ. ಸಂಜೆಯೊಳಗೆ ಮಡಿಕೇರಿಯ ಮಗಳು ಮೋಕ್ಷಿತಾಳಿಗೆ ಫೋನು ಹೋಯಿತು.

ಮುಂದಿನ ಸೋಮವಾರ ನಾವು ಹೋದಾಗ ಅಂಗಳದಲ್ಲಿ ನಾಲ್ಕು ಕಾರು, ಒಂದು ಜೀಪು. ತ್ಯಾಂಪಣ್ಣ ‘ಇಲ್ಲಿ ಎಂತ ಮದುವೆಯಾ?’ ಎಂದರು. ಜಗಲಿಯಲ್ಲಿ ಕೂಸಪ್ಪ ಗೌಡರು ಗಡ್ಡ ತೆಗೆಸಿ, ಬಿಳಿ ಮುಂಡು ಉಟ್ಟು, ದಿಂಬಿಗೆ ಒರಗಿ ಕೂತಿದ್ದರು. ಕೈಯಲ್ಲಿ ಹೋಳಿಗೆಯ ತಟ್ಟೆ. ಸುತ್ತ ಇಪ್ಪತ್ತು ಜನ. ನನ್ನನ್ನು ಕಂಡು ಅವರು ನಕ್ಕದ್ದು ಈಗಲೂ ಕಣ್ಣಿಗೆ ಕಟ್ಟಿದೆ. ಬಸ್ಸು ಬಂತು ಎಂದು ನಗುವ ಹಾಗೆ. ‘ಬನ್ನಿ ಸಿಸ್ಟರ್. ನಿಮಗೆ ಮೊದ್ಲೇ ಗೊತ್ತಾಗಿತ್ತಲ್ಲ’ ಎಂದರು. ಇನ್ಸುಲಿನ್ ಬಿಟ್ಟು ಆರು ದಿನ ಆಗಿತ್ತು. ಹೋಗುವವನಿಗೆ ಚುಚ್ಚುವುದು ಯಾಕೆಂದು ಅವರೇ ಬೇಡ ಎಂದಿದ್ದರು. ಬೇಡ ಎಂದವರಿಗೆ ಒತ್ತಾಯ ಮಾಡುವುದು ಹೇಗೆಂದು ಪೂವಮ್ಮ ಪಟ್ಟಿ ಬಿಚ್ಚುವುದನ್ನೂ ಬಿಟ್ಟಿದ್ದರು. ಇಷ್ಟವಾದದ್ದನ್ನೆಲ್ಲ ಮಾಡಿ ಹಾಕಿದ್ದರು. ಶುಗರ್ ನೋಡುವ ಮೆಷಿನಿನಲ್ಲಿ ನಾನೂರ ಹನ್ನೆರಡು. ಪಟ್ಟಿ ಬಿಚ್ಚಿದೆ. ವಾಸನೆಯಲ್ಲೇ ತಿಳಿಯಿತು.

ನಿಮಗೆ ಸಾಯುವ ಕಾಯಿಲೆ ಏನೂ ಇರಲಿಲ್ಲ, ಗಾಯ ಗುಣವಾಗುತ್ತಿತ್ತು ಎಂದೆ. ಯಾರೂ ನಂಬಲಿಲ್ಲ. ‘ಹಾಗಾದ್ರೆ ನೀವು ಬೆಲ್ಲ ಯಾಕೆ ಮುಟ್ಟಲಿಲ್ಲ?’ ಎಂದು ಪೂವಮ್ಮ ಕೇಳಿದರು. ಇಪ್ಪತ್ತು ಜನರ ಎದುರು, ಹನ್ನೊಂದು ವರ್ಷ ಎಲ್ಲರಿಗೂ ಬುದ್ಧಿ ಹೇಳಿದ ಬಾಯಿಯಲ್ಲಿ ‘ನನಗೂ ಶುಗರ್ ಉಂಟು ಪೂವಮ್ಮ’ ಎಂದೆ. ಯಾರೋ ಒಬ್ಬರು ಪಾಪ ಎಂದರು. ಮೊದಲು ಸಿಟ್ಟಾದದ್ದು ಕೂಸಪ್ಪ ಗೌಡರು. ‘ಸಾಯುದಿಲ್ಲ ಅಂತ ಮೊದ್ಲೇ ಹೇಳ್ಬಾರ್ದಿತ್ತಾ ಮಾರಾಯ್ತಿ? ಇಷ್ಟು ಜನ ಬಂದು ಅತ್ತು ಆಯ್ತು. ಹದಿನಾಲ್ಕು ವರ್ಷ ಮಾತು ಬಿಟ್ಟ ತಮ್ಮ ಬಂದು ಕಾಲು ಹಿಡಿದು ಆಯ್ತು. ಇನ್ನು ಅವನ ಹತ್ರ ಎಂತ ಹೇಳುದು? ನೀ ವಾಪಸ್ ಹೋಗು, ಜಗಳ ಮುಂದುವರಿಸುವ ಅಂತಲಾ?’ ಆ ತಮ್ಮ ಮೂಲೆಯಲ್ಲಿ ತಲೆ ತಗ್ಗಿಸಿ ಕೂತವರು, ಅಳುತ್ತಿದ್ದಾರೆಂದುಕೊಂಡೆ, ನಗುತ್ತಿದ್ದರು. ನಾನೂ ನಗುತ್ತಿದ್ದೆನೇನೋ, ಕೈಯಲ್ಲಿ ಆ ಕಾಲು ಇರದಿದ್ದರೆ.

ಅದೇ ಓಮ್ನಿಯಲ್ಲಿ ಮಲಗಿಸಿ ಪುತ್ತೂರಿನ ಆಸ್ಪತ್ರೆಗೆ ತಂದೆವು. ಹದಿನೈದಕ್ಕೆ ಇನ್ನೊಂದು ಬೆರಳು ತೆಗೆದರು. ಸುಜಯ್ ನಿನಗೆ ಹೇಳದೆ ಬಿಟ್ಟದ್ದು ಇದನ್ನು. ಆ ಬೆರಳು ಹೋದದ್ದು ಹೋಳಿಗೆಯಿಂದ ಅಲ್ಲ. ನನಗೆ ನಾಚಿಕೆಯಾದದ್ದರಿಂದ. ಇದನ್ನು ನಾನು ಯಾರ ಎದುರಿಗೂ ಮೆದು ಮಾಡಿ ಹೇಳುವುದಿಲ್ಲ, ನಿನ್ನ ಎದುರಿಗೂ.

ಅವರ ಅಳಿಯ ಟ್ರಸ್ಟಿಗೆ ಫೋನು ಮಾಡಿ, ನಿಮ್ಮ ನರ್ಸು ಮಾವನಿಗೆ ಸಾವಿನ ಗಡುವು ಕೊಟ್ಟು ಹೋಗಿದ್ದಾರೆ ಎಂದು ದೂರಿದ. ಅವನು ದೂರಿದ್ದು ಸರಿ. ಜನವರಿ ಮೂವತ್ತಕ್ಕೆ ಸಮೀಕ್ಷಾ ಕರೆಸಿದಳು. ಟ್ರಸ್ಟಿನ ವ್ಯವಸ್ಥೆಯೆಲ್ಲ ಈಗ ಅವಳ ಕೈಯಲ್ಲಿದೆ, ಮೂವತ್ತೆರಡು ವರ್ಷ, ಒಳ್ಳೆಯ ಹುಡುಗಿ, ಗೋಡೆಗೆ ಗಿಡಗಳ ಚಿತ್ರ ಹಾಕಿಸಿದ್ದಾಳೆ. ತಿರುಗಾಟದ ಸಿಬ್ಬಂದಿಯ ನೆಮ್ಮದಿಗೆಂದು ಒಂದು ಹಾಳೆ ತಂದಿದ್ದಾಳೆ. ಅದರಲ್ಲಿ ಐದು ಗುಂಡು ಮುಖ, ಅಳುವುದರಿಂದ ನಗುವವರೆಗೆ. ಪ್ರತಿ ಶನಿವಾರ ಒಂದಕ್ಕೆ ಗುರುತು ಹಾಕಬೇಕು. ಈ ಐದರಲ್ಲಿ ಯಾವುದೂ ನನ್ನ ಮುಖವಲ್ಲ ಎಂದು ಕೆಳಗೆ ಬರೆದು ಕೊಟ್ಟೆ. ‘ನಿಮ್ಮ ಒಳ್ಳೇದಕ್ಕೇ ಹೇಳುದು ಪ್ರೇಮಕ್ಕ. ಎಲ್ಲಿಯಾದ್ರೂ ತಲೆ ತಿರುಗಿ ಬಿದ್ರೆ ಯಾರು ಜವಾಬ್ದಾರಿ? ಇಲ್ಲಿ ಕೂತು ಫೋನ್ ಮಾಡಿ ಎಲ್ಲರನ್ನು ವಿಚಾರಿಸಿದ್ರೆ ಆಯ್ತು, ಹೊತ್ತಿಗೆ ಸರಿಯಾಗಿ ಊಟ, ಫ್ಯಾನು’ ಎಂದಳು.

ನಾನು ಆ ಫೋನುಗಳನ್ನು ಬರೆದಿಡುವ ಪುಸ್ತಕ ತೆಗೆಸಿ ನೋಡಿದೆ. ಜನವರಿ ಒಂಬತ್ತರಂದು, ಅಂದರೆ ಇನ್ಸುಲಿನ್ ಬಿಟ್ಟ ಮೂರನೆಯ ದಿನ, ಆಫೀಸಿನಿಂದ ಕೂಸಪ್ಪ ಗೌಡರಿಗೆ ಫೋನು ಹೋಗಿತ್ತು. ಅವರು ‘ಒಳ್ಳೇದುಂಟು, ಎಲ್ಲರೂ ಬಂದಿದ್ದಾರೆ’ ಎಂದಿದ್ದರು. ಮುಂದಿನ ಕಾಲಂನಲ್ಲಿ ‘ಆರೋಗ್ಯ ಉತ್ತಮ’ ಎಂದು ಬರೆದಿತ್ತು. ಅದನ್ನು ಸಮೀಕ್ಷಾಳ ಕಡೆಗೆ ತಿರುಗಿಸಿ, ಈ ಕುರ್ಚಿಯಲ್ಲಿ ಕೂತರೆ ನಾನೂ ಇದನ್ನೇ ಬರೆಯುತ್ತಿದ್ದೆ ಎಂದೆ. ನನ್ನ ತಪ್ಪಿಗೆ ಶಿಕ್ಷೆ ಕೊಡುವುದಾದರೆ ಕೊಡಿ, ಸಂಬಳ ಹಿಡಿಯಿರಿ, ಆದರೆ ಶಿಕ್ಷೆಗೆ ನೆಮ್ಮದಿ ಎಂಬ ಹೆಸರಿಡಬೇಡಿ ಎಂದೂ ಹೇಳಿದೆ. ಅವಳು ಆ ಸಾಲಿನ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದಳು.

ಆ ಸೋಮವಾರದ ನಂತರ ಪ್ರತಿ ಮನೆಯಲ್ಲೂ ಮೆಟ್ಟಿಲು ಹತ್ತುವಾಗಲೇ ಹೇಳುತ್ತಿದ್ದೇನೆ: ನನಗೆ ಶುಗರ್ ಉಂಟು, ಬೆಲ್ಲ ಬೇಡ, ನೀರು ಕೊಡಿ. ಆಕಾಶ ಬೀಳಲಿಲ್ಲ. ಪಂಜದ ಆಯಿಶಮ್ಮ ‘ಸಿಹಿ ಬೇಡಾದ್ರೆ ಖಾರ ಕುಡೀರಿ’ ಎಂದು ಲಿಂಬೆಹುಳಿ ಹಿಂಡಿ, ಉಪ್ಪು ಹಾಕಿ, ಗಾಂಧಾರಿ ಮೆಣಸು ಜಜ್ಜಿ ಕೊಟ್ಟರು; ಕಣ್ಣಲ್ಲಿ ನೀರು ಬಂತು, ಮೆಣಸಿನಿಂದಲೇ. ಪೆರಾಬೆಯ ಸೀತಕ್ಕ, ಎಂಬತ್ತಮೂರು, ಬೆರಳು ಚುಚ್ಚಲು ನನಗೆ ಒಮ್ಮೆಯೂ ಸುಲಭಕ್ಕೆ ಕೈ ಕೊಟ್ಟವರಲ್ಲ. ಈ ಸಲ ‘ಮೊದ್ಲು ನಿನ್ನದು’ ಎಂದರು. ಹೊಸ ಸೂಜಿ ತೆಗೆದು ನನ್ನ ಬೆರಳಿಗೆ ಚುಚ್ಚಿಕೊಂಡೆ. ನನ್ನದು ಇನ್ನೂರ ಮೂವತ್ತು. ಆಮೇಲೆ ಅವರದು ನೂರ ಎಪ್ಪತ್ತು. ‘ಇನ್ನು ಯಾರು ಯಾರಿಗೆ ಮದ್ದು ಕೊಡುದು, ಹೇಳು ನೋಡುವ’ ಎಂದು ಮನೆಯವರನ್ನೆಲ್ಲ ಕರೆದು ತೋರಿಸಿದರು. ಈಗ ಇದು ಮನೆಯಿಂದ ಮನೆಗೆ ಹಬ್ಬಿದೆ. ಹಠ ಮಾಡುವ ಮನೆಯಲ್ಲೆಲ್ಲ ಮೊದಲ ಹನಿ ನನ್ನದು. ಹತ್ತು ಬೆರಳಲ್ಲಿ ಏಳು ನೋಯುತ್ತಿವೆ. ನಿನ್ನೆಯದು ನೂರ ಐವತ್ತೆರಡು. ಯಾವ ಆಫೀಸಿನ ಫ್ಯಾನಿನ ಕೆಳಗೂ ಇಷ್ಟು ಜನ ನನ್ನ ರಕ್ತದ ಲೆಕ್ಕ ಕೇಳುತ್ತಿರಲಿಲ್ಲ.

ಕೂಸಪ್ಪ ಗೌಡರು ಮನೆಗೆ ಬಂದು ಎರಡು ವಾರವಾಯಿತು. ನನ್ನನ್ನು ಬಿಡುವುದಿಲ್ಲ ಎಂದುಕೊಂಡೇ ಹೋದೆ. ಪೂವಮ್ಮ ಬಾಗಿಲಿನಿಂದ ಸರಿದು ಬಿಸಿನೀರು ಇಡಲು ಒಳಗೆ ಹೋದರು. ಕ್ಷಮಿಸಿದ್ದಾರೆಂದು ನಾನು ತಿಳಿದಿಲ್ಲ. ಗೌಡರು ಮಾತ್ರ, ‘ನಿಮ್ಮದು ಎಷ್ಟು ಈ ವಾರ?’ ಎಂದು ಕೇಳಿ, ನನಗಿಂತ ಕಡಿಮೆ ಮಾಡಿ ತೋರಿಸುತ್ತೇನೆಂದು ಇನ್ಸುಲಿನ್ ತೆಗೆದುಕೊಳ್ಳುತ್ತಿದ್ದಾರೆ. ತಮ್ಮ ದಿನಾ ಬಂದು ಪಕ್ಕದಲ್ಲಿ ಕೂರುತ್ತಾರಂತೆ. ಗಾಯ ಒಣಗುತ್ತಿದೆ, ನಿಧಾನವಾಗಿ.

ಈಗ ನಿನ್ನ ಮಾತಿಗೆ ಬರುತ್ತೇನೆ. ನಿನ್ನ ಕಾಲೂ ಹೋದೀತು ಎಂದಿದ್ದರೆ, ಹೋಗದ ಹಾಗೆ ನೋಡಿಕೊಳ್ಳುವುದು ಹೇಗೆಂದು ಈ ಮೂರು ತಾಲೂಕಿನಲ್ಲಿ ನನಗಿಂತ ಚೆನ್ನಾಗಿ ಬಲ್ಲವರು ಕಡಿಮೆ. ದಿನಾ ಸಂಜೆ ಅಂಗಾಲಿಗೆ ಕನ್ನಡಿ ಹಿಡಿದು ನೋಡುತ್ತೇನೆ. ಒಂದು ಗಂಟೆಗೆ ಎಲ್ಲಿದ್ದರೂ ತ್ಯಾಂಪಣ್ಣ ಗಾಡಿ ನಿಲ್ಲಿಸುತ್ತಾರೆ, ಬುತ್ತಿ ಬಿಚ್ಚದೆ ಮುಂದಕ್ಕೆ ಬಿಡುವುದಿಲ್ಲ. ನನ್ನ ಕಾಲು ನೋಡುವವರು ಯಾರು ಎಂದಿದ್ದರೆ, ಮದುವೆಯಾಗದ ತಂಗಿಯ ಬಗ್ಗೆ ನೀನು ಇಪ್ಪತ್ತು ವರ್ಷದಿಂದ ಸುತ್ತಿ ಬಳಸಿ ಕೇಳುವ ಪ್ರಶ್ನೆ ಅದು. ಅದಕ್ಕೆ ಆಫೀಸಿನ ಕುರ್ಚಿಯೂ ಉತ್ತರವಲ್ಲ. ಸುಮ್ಮನೆ ಕೂತು ಚೆನ್ನಾಗಿರುವುದಕ್ಕಿಂತ ತಿರುಗುತ್ತಾ ಅಷ್ಟಕ್ಕಷ್ಟೇ ಇರುವುದನ್ನು ನಾನು ಆರಿಸಿಕೊಂಡಿದ್ದೇನೆ. ಇದನ್ನು ಹಠ ಎನ್ನು, ಅಡ್ಡಿಯಿಲ್ಲ.

ಭಾವನಿಗೆ ನಮಸ್ಕಾರ ತಿಳಿಸು. ಸುಜಯನಿಗೆ ನನ್ನ ಪ್ರೀತಿ, ಜೊತೆಗೆ ಇನ್ನು ಮೇಲೆ ಹತ್ತು ನಿಮಿಷದ ಮಾತನ್ನು ಐದು ನಿಮಿಷವಾದರೂ ಹೇಳಲಿ ಎಂಬ ಬುದ್ಧಿಮಾತು. ನೀನು ಕಾಲು ನೀಡಿ ಹತ್ತು ಎಣಿಸು, ದಿನಕ್ಕೆ ಎರಡು ಸಲ.

ನಿನ್ನ ತಂಗಿ,
ಪ್ರೇಮಾವತಿ

ತಾ.ಕ.: ಸೋಮವಾರ ಬೆಳಿಗ್ಗೆ. ಕೆಳಗೆ ತ್ಯಾಂಪಣ್ಣ ಹಾರ್ನ್ ಹಾಕುತ್ತಿದ್ದಾರೆ, ಬೇಗ ಬರೆಯುತ್ತೇನೆ. ಮರೆತದ್ದಲ್ಲ, ಧೈರ್ಯ ಸಾಲದೆ ಕೊನೆಗೆ ಉಳಿಸಿದ್ದು. ಇದರ ಜೊತೆ ಇನ್ನೊಂದು ಹಾಳೆ ಮಡಚಿ ಇಟ್ಟಿದ್ದೇನೆ. ಸಮೀಕ್ಷಾ ಕೊನೆಗೆ ಒಂದು ದಾರಿ ಬಿಟ್ಟಳು: ಕಾಯಿಲೆ ತಿಳಿದೂ ತಿರುಗಾಟ ಮುಂದುವರಿಸಲು ನಮ್ಮ ಒಪ್ಪಿಗೆ ಇದೆ ಎಂದು ಮನೆಯವರೊಬ್ಬರು ಸಹಿ ಹಾಕಿದರೆ ನನ್ನನ್ನು ರಸ್ತೆಯಲ್ಲೇ ಬಿಡುತ್ತಾರೆ. ಮನೆಯವರು ಎಂದರೆ ನನಗೆ ನೀನೊಬ್ಬಳೇ. ಈ ತಿಂಗಳ ಇಪ್ಪತ್ತೆಂಟರೊಳಗೆ ಅದು ಪುತ್ತೂರು ಸೇರಬೇಕು. ಸೇರದಿದ್ದರೆ ಕೆಲಸ ಬಿಟ್ಟು ನನ್ನ ಸ್ಕೂಟರಿನಲ್ಲಿ ಹೋಗುತ್ತೇನೆ, ಎಷ್ಟು ಮನೆಗೆ ಆಗುತ್ತದೋ ಅಷ್ಟಕ್ಕೆ. ಬೆದರಿಕೆ ಎಂದು ತಿಳಿಯಬೇಡ, ನಿನಗೆ ಮೊದಲೇ ಗೊತ್ತಿರಲಿ ಎಂದು. ನರ್ಸಿಂಗ್ ಶಾಲೆಯ ಅರ್ಜಿಗೆ ಅಪ್ಪ ಸಹಿ ಹಾಕುವುದಿಲ್ಲ ಎಂದು ಎದ್ದು ಹೋದ ದಿನ, ಬಸುರಿ ನೀನು ಅಡುಗೆಮನೆಯ ನೆಲದಲ್ಲಿ ಕೂತು ಅಪ್ಪನ ಹೆಸರನ್ನು ಅಪ್ಪನ ಹಾಗೆಯೇ ಬರೆದು, ಶಾಯಿ ಆರಲು ಊದಿ ನನ್ನ ಕೈಗೆ ಕೊಟ್ಟೆ. ಅವರ ಹೆಸರು ಬರೆಯಲು ಅಂದು ನಡುಗದ ನಿನ್ನ ಕೈ, ನಿನ್ನದೇ ಹೆಸರು ಬರೆಯಲು ಈಗ ಯಾಕೆ ನಡುಗಬೇಕು?